ಕುಗ್ಗಿದ ಚಿತ್ರಗಳು, ಬಾಡಿಗೆ ಮನೆಗಳು

ಫೋಟೋ ಚಿಕ್ಕದು ಮಾಡುವುದು ಈಗ ಅಕ್ಕಿ ಆರಿಸಿದಷ್ಟೇ ದಿನನಿತ್ಯದ ಕೆಲಸ. ಶಾಲೆಯ ಮಕ್ಕಳ ಅರ್ಜಿ ತುಂಬಿಸಲು ಕೂತರೆ ಭಾವಚಿತ್ರ 50 ಕೆಬಿ ಮೀರಬಾರದೆಂಬ ಅಪ್ಪಣೆ ಎದುರಾಗುತ್ತದೆ. ಫೋನಿನಲ್ಲಿ ತೆಗೆದದ್ದು ಮೂರು ಎಂಬಿಗೆ ಕಡಿಮೆ ಇರುವುದಿಲ್ಲ. ರವೀಂದ್ರನಗರದ ನಮ್ಮ ಮನೆಯ ಹತ್ತಿರದ ಸೈಬರ್ ಸೆಂಟರಿನ ಹುಡುಗ ಹತ್ತು ರೂಪಾಯಿಗೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದನ್ನು ಕುಗ್ಗಿಸಿ ಕೊಡುತ್ತಾನೆ. ಅಷ್ಟಕ್ಕೆ ನನ್ನ ತಕರಾರಿಲ್ಲ. ಅರ್ಜಿಗೆ ಮುಖದ ಗುರುತು ಸಿಕ್ಕರೆ ಸಾಕು. ಆದರೆ ಅರ್ಜಿಯ ಅಳತೆಯನ್ನೇ ನಾವು ಮದುವೆ, ಸೀಮಂತ, ಅಜ್ಜಿಯ ಮುಖ ಎಲ್ಲಕ್ಕೂ ಹಾಕಿಬಿಟ್ಟಿದ್ದೇವಲ್ಲ, ಹಾಗೆ ಕುಗ್ಗಿದ್ದನ್ನೂ ಕರಾರು ಓದದೆ ಯಾರದೋ ಮನೆಯಲ್ಲಿ ಇಟ್ಟು ಬಂದಿದ್ದೇವಲ್ಲ, ನನ್ನ ತಕರಾರು ಅದರ ಮೇಲೆ.

ಕುಗ್ಗಿಸುವುದರಲ್ಲಿ ಎರಡು ಬಗೆ ಇದೆ. ಮೊದಲನೆಯದು ಚುಕ್ಕಿ ರಂಗೋಲಿ ಹಾಕುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತೊಂದು ಚುಕ್ಕಿಯಲ್ಲಿ ಬರುವ ಕಮಲ, ನವಿಲು ಏಳು ಚುಕ್ಕಿಯಲ್ಲಿ ಬರುವುದಿಲ್ಲ. ಹನ್ನೆರಡು ಮೆಗಾಪಿಕ್ಸೆಲ್ ಎನ್ನುವ ಫೋನಿನ ಚಿತ್ರದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿಗಳಿರುತ್ತವೆ. ಅದನ್ನು 800ಕ್ಕೆ 600 ಮಾಡಿದಿರೋ, ಉಳಿಯುವುದು 4 ಲಕ್ಷ 80 ಸಾವಿರ. ಇಪ್ಪತ್ತೈದರಲ್ಲಿ ಒಂದು ಪಾಲು! ಫೋನಿನ ಪರದೆಯ ಮೇಲೆ ಇವೆರಡಕ್ಕೂ ವ್ಯತ್ಯಾಸವೇ ಕಾಣದು. ಕಾಗದಕ್ಕೆ ಇಳಿಸಲು ಹೋದಾಗ ಬಣ್ಣ ಬಯಲಾಗುತ್ತದೆ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿ ಬೇಕೆಂದು ಲೆಕ್ಕ. 800 ಚುಕ್ಕಿಯ ಚಿತ್ರ ಮೂರು ಅಂಗುಲ ಅಗಲವೂ ಬರುವುದಿಲ್ಲ. ಗೋಡೆಗೆ ಹಾಕುವ ಹನ್ನೆರಡಂಗುಲದ ಕಟ್ಟಿಗೆ ಅದನ್ನು ಎಳೆದರೆ ಎಳೆದ ಹಿಟ್ಟಿನ ಹಾಗೆ ಅಲ್ಲಲ್ಲಿ ತೂತು ಬೀಳುತ್ತದೆ.

ಎರಡನೆಯ ಬಗೆ ಇನ್ನೂ ನಯವಾದದ್ದು. ಚುಕ್ಕಿಗಳು ಅಷ್ಟೇ ಇರುತ್ತವೆ, ಅವುಗಳ ವಿವರವನ್ನು ಮಾತ್ರ ಸಂಕ್ಷೇಪ ಮಾಡುತ್ತಾರೆ. 1992ರಲ್ಲಿ ಅಂಗೀಕಾರವಾದ ಜೆಪೆಗ್ ಎಂಬ ಕ್ರಮ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಯ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ ಬೆಳಕು ನೆರಳನ್ನು ಅಲೆಗಳ ಮೊತ್ತವೆಂದು ಬರೆದುಕೊಂಡು, ನಮ್ಮ ಕಣ್ಣು ಅಷ್ಟಾಗಿ ಗಮನಿಸದ ಸಣ್ಣ ಸಣ್ಣ ಅಲೆಗಳನ್ನು ಕೈಬಿಡುತ್ತದೆ. ಮೂರೂವರೆ ಕೋಟಿ ಬೈಟ್ ಆಗಬೇಕಿದ್ದ ಚಿತ್ರ ಮೂರು ನಾಲ್ಕು ಎಂಬಿಯಲ್ಲಿ ಕೂರುವುದು ಹೀಗೆ. ಇದರ ಹಿಂದಿನ ಗಣಿತ ಕಂಡುಕೊಂಡವರು ನಮ್ಮವರು ಎಂಬುದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಂಬಲಿಲ್ಲ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಎಂಜಿನಿಯರಿಂಗ್ ಓದಿದ್ದು ಅಲ್ಲಿಯ ವಿಶ್ವೇಶ್ವರಯ್ಯ ಕಾಲೇಜಿನಲ್ಲಿ. ಅಮೆರಿಕದ ಕಾನ್ಸಾಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1972ರಲ್ಲಿ, ಈ ವಿಚಾರಕ್ಕೆ ಅಲ್ಲಿಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೇಳಿದರು, ಸಿಗಲಿಲ್ಲ. ಅವರು ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರ ಜೊತೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. ಇವತ್ತು ಜಗತ್ತಿನ ಮುಕ್ಕಾಲು ಪಾಲು ನೆಂಟರ ಮುಖಗಳು ಅವರ ಲೆಕ್ಕದ ಮೇಲೆ ನಿಂತಿವೆ ಅಂದರೆ ಅದು ಮೇಷ್ಟರಮ್ಮನ ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ.

ಹಾಗಾಗಿ ವಿದ್ಯೆಯನ್ನು ನಾನು ದೂರುವುದಿಲ್ಲ. ಹಲಸಿನಕಾಯಿ ಹಪ್ಪಳ ಮಾಡುವುದು ಒಳ್ಳೆಯ ವಿದ್ಯೆಯೇ. ಮಳೆಗಾಲಕ್ಕೆ ಬೇಕೇ ಬೇಕು. ಆದರೆ ಹಪ್ಪಳ ಡಬ್ಬದಲ್ಲಿದೆ ಎಂದು ಮರ ಕಡಿಸಿದವರನ್ನು ನಮ್ಮ ಮಲೆನಾಡಿನಲ್ಲಿ ನಾನು ಕಂಡಿಲ್ಲ. ಚಿತ್ರದ ವಿಷಯದಲ್ಲಿ ಮಾತ್ರ ದಿನವೂ ಕಾಣುತ್ತಿದ್ದೇನೆ.

ಭದ್ರಾವತಿಯಲ್ಲಿ ನಮ್ಮ ಚಿಕ್ಕಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಾರ್ಖಾನೆ ಅದು, ಆ ಊರು ಬೆಳೆದದ್ದೇ ಅದರ ಹೊಗೆಯಲ್ಲಿ. ಚಿಕ್ಕಪ್ಪನ ವಿಭಾಗದವರದ್ದೊಂದು ದೊಡ್ಡ ಗುಂಪು ಫೋಟೋ ಹಜಾರದಲ್ಲಿ ತೂಗುತ್ತಿತ್ತು. ನಾಲ್ಕು ಸಾಲು ಜನ, ಕೆಳಗೆ ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಸಣ್ಣಕ್ಷರದಲ್ಲಿ ಎಲ್ಲರ ಹೆಸರು. ಚಿಕ್ಕಮ್ಮನ ಮಾತಿನ ಅರ್ಧ ಆ ಹೆಸರುಗಳಿಂದಲೇ ಶುರುವಾಗುತ್ತಿತ್ತು. ಯಾರ ಹೆಂಡತಿಯ ಬಾಣಂತನಕ್ಕೆ ಯಾರು ಹೋಗಿದ್ದರು, ಯಾರ ಮಗ ಯಾವ ಕ್ವಾರ್ಟರ್ಸಿನ ಕಾಂಪೌಂಡ್ ಹಾರಿ ಕಾಲು ಮುರಿದುಕೊಂಡ, ಎಲ್ಲವೂ. ಅವರು ಹೋದ ಮೇಲೆ ಮನೆ ಖಾಲಿ ಮಾಡುವಾಗ, ಗಾಜು ಒಡೆದು ಗೆದ್ದಲು ತಿಂದ ಆ ಚೌಕಟ್ಟನ್ನು ಮಕ್ಕಳು ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಂಡು ಬಿಸಾಡಿದರು. ಚಿತ್ರ ಫೋನಿನಿಂದ ಫೋನಿಗೆ, ಗುಂಪಿನಿಂದ ಗುಂಪಿಗೆ ಹೋಯಿತು. ಮೊದಲು ತೆಗೆದ ಫೋನು ಕೆಟ್ಟು ಮೂಲೆ ಸೇರಿತು.

2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಾಗ ಎಲ್ಲರಿಗೂ ಹಳೆಯ ಫೋಟೋಗಳ ನೆನಪಾಯಿತು. ನನಗೆ ಬಂದು ತಲುಪಿದ ಚಿತ್ರ 70 ಕೆಬಿ. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಚಿಕ್ಕಪ್ಪನ ಮುಖ ಇರಬೇಕಾದ ಕಡೆ ನಾಲ್ಕಾರು ಚೌಕಗಳಿದ್ದವು, ಅದೇ ಎಂಟಕ್ಕೆ ಎಂಟರವು. ಕೆಳಗಿನ ಹೆಸರುಗಳು ಇರುವೆ ಸಾಲಿನ ಹಾಗೆ ಕಂಡವು. ಮೇಲಿಂದ ಎರಡನೆಯ ಸಾಲಿನಲ್ಲಿ ಯಾರಿದ್ದರು ಎಂದು ಹೇಳಬಲ್ಲವರು ನಮ್ಮ ಪೈಕಿ ಈಗ ಒಬ್ಬರೂ ಇಲ್ಲ. ಮಂಕಾದ ಮುಖವನ್ನು ಯಂತ್ರದಿಂದ ಚೊಕ್ಕ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಮಾಡಿಸಿಯೂ ನೋಡಿದರು ನಮ್ಮ ಹುಡುಗರು. ಒಳ್ಳೆಯ ಮೂಗು ಕಣ್ಣಿನ ಯಾರೋ ಒಬ್ಬರು ಬಂದರು. ಅವರು ಚಿಕ್ಕಪ್ಪ ಅಲ್ಲ.

ಇನ್ನು ಇಡುವ ಜಾಗದ ವಿಚಾರ. ಅಂತರಜಾಲದ ಒಂದು ಪುಟದಲ್ಲಿ ನಾವು ಕಾಣುವ ಚಿತ್ರ ಎಷ್ಟೋ ಸಲ ಆ ಪುಟದಲ್ಲಿರುವುದೇ ಇಲ್ಲ. ಅಲ್ಲಿರುವುದು ವಿಳಾಸ ಮಾತ್ರ, ಚಿತ್ರ ಇನ್ನೊಬ್ಬರ ಗೋದಾಮಿನಲ್ಲಿರುತ್ತದೆ. ಹಿಂದೆ ಸ್ಟುಡಿಯೋದವರ ಹತ್ತಿರ ನೆಗೆಟಿವ್ ಬಿಟ್ಟು ಬರುತ್ತಿದ್ದೆವಲ್ಲ, ಅದೇ ಪದ್ಧತಿ. ಪ್ರಿಂಟಿನ ಹಿಂದೆ ನಂಬರ್ ಇರುತ್ತಿತ್ತು, ಸ್ಟುಡಿಯೋ ಮುಚ್ಚಿದ ದಿನ ಆ ನಂಬರಿಗೆ ಬೆಲೆ ಹೋಗುತ್ತಿತ್ತು. ಫೋಟೋಬಕೆಟ್ ಎಂಬ ಗೋದಾಮು 2003ರಲ್ಲಿ ಶುರುವಾಗಿ ಲಕ್ಷಾಂತರ ಜನರ ಚಿತ್ರಗಳನ್ನು ಬಿಟ್ಟಿ ಇಟ್ಟುಕೊಂಡಿತು. ಜನ ಅಡಿಗೆ, ಕಸೂತಿ, ತೋಟ, ರಿಪೇರಿ ಎಂದು ತಾಳ್ಮೆಯಿಂದ ಹಂತ ಹಂತವಾಗಿ ಚಿತ್ರ ತೆಗೆದು, ಕುಗ್ಗಿಸಿ, ಅಲ್ಲಿಟ್ಟು, ಬೇರೆ ಪುಟಗಳಲ್ಲಿ ತೋರಿಸಿದರು. 2017ರಲ್ಲಿ ಒಂದು ದಿನ, ಹೊರಗಿನ ಪುಟಗಳಲ್ಲಿ ಚಿತ್ರ ಕಾಣಬೇಕಾದರೆ ವರ್ಷಕ್ಕೆ 399 ಡಾಲರ್ 99 ಸೆಂಟ್ ಕೊಡಿ ಎಂದಿತು ಕಂಪನಿ. ಆಗಿನ ಲೆಕ್ಕಕ್ಕೆ ಇಪ್ಪತ್ತೈದು ಸಾವಿರ ರೂಪಾಯಿಗೂ ಹೆಚ್ಚು. ಕೊಡದವರ ಚಿತ್ರಗಳ ಜಾಗದಲ್ಲಿ ನೋಟೀಸು ನೇತಾಡಿತು. ‘ಈಗ ಹೀಗೆ ಮಡಿಸಿ’ ಎಂದು ಬರೆದದ್ದು ಹಾಗೇ ಇತ್ತು, ಮಡಿಸುವ ಕೈ ಮಾತ್ರ ಕಾಣುತ್ತಿರಲಿಲ್ಲ. ಮರುವರ್ಷ ಕಂಪನಿ ಹಿಂದೆ ಸರಿಯಿತು ನಿಜ, ಅಷ್ಟರಲ್ಲಿ ಎಷ್ಟೋ ಜನ ಬೇಸತ್ತು ಹೋಗಿದ್ದರು.

ಒಬ್ಬರನ್ನೇ ಅಂದರೆ ಅನ್ಯಾಯವಾದೀತು. ನಮ್ಮ ಹುಡುಗ ಹುಡುಗಿಯರು ಬಿಡುವಿಲ್ಲದೆ ಚಿತ್ರ ತುಂಬಿದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಫ್ಲಿಕರ್ 2019ರಲ್ಲಿ ಬಿಟ್ಟಿ ಖಾತೆಗೆ ಸಾವಿರ ಚಿತ್ರದ ಮಿತಿ ಹಾಕಿತು. ಗೂಗಲ್ ಫೋಟೋಸ್ 2015ರಲ್ಲಿ ಎಷ್ಟು ಬೇಕಾದರೂ ಇಡಿ ಎಂದು ಕರೆದು, 2021ರ ಜೂನ್ 1ರಿಂದ 15 ಜಿಬಿಯ ಲೆಕ್ಕ ಶುರು ಮಾಡಿತು, ಅದರಲ್ಲೇ ನಿಮ್ಮ ಮೇಲ್ ಕೂಡ ಸೇರಿತು. ಭಾಷೆ ಕಲಿಸುವ ನನಗೆ ಇಲ್ಲಿ ಇನ್ನೊಂದು ತಮಾಷೆ ಕಂಡಿತು. ಅವರು ಕುಗ್ಗಿಸಿ ಇಡುತ್ತಿದ್ದ ಪ್ರತಿಗೆ ಅಲ್ಲಿಯವರೆಗೆ ‘ಹೈ ಕ್ವಾಲಿಟಿ’ ಎಂದು ಹೆಸರಿತ್ತು. ಆ ವರ್ಷ ಅದಕ್ಕೆ ‘ಸ್ಟೋರೇಜ್ ಸೇವರ್’ ಎಂದು ಮರುನಾಮಕರಣ ಮಾಡಿದರು. ಚಿತ್ರ ಮೊದಲಿನದೇ, ಕುಗ್ಗಿಸುವುದೂ ಮೊದಲಿನಂತೆಯೇ. ಯಾರ ಅನುಕೂಲಕ್ಕೆ ಕುಗ್ಗುತ್ತಿತ್ತು ಎಂಬುದನ್ನು ಹೊಸ ಹೆಸರು ಒಪ್ಪಿಕೊಂಡಿತು, ಅಷ್ಟೇ.

ಇವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಬಿಟ್ಟಿ ಮನೆಯ ಯಜಮಾನ ಯಾವತ್ತೋ ಒಂದು ದಿನ ಬಾಡಿಗೆ ಕೇಳುವುದು ಲೋಕರೂಢಿ. ಹಾಗೆಂದು ಎಲ್ಲ ಮನೆಗಳೂ ಒಂದೇ ಬಗೆಯವೂ ಅಲ್ಲ. ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ವಿಕಿಮೀಡಿಯ ಕಾಮನ್ಸ್ 2004ರಿಂದ ನಡೆದುಕೊಂಡು ಬಂದಿದೆ, ಜನರ ದೇಣಿಗೆಯಿಂದ. ಅಲ್ಲಿಯ ಒಂದು ಕ್ರಮ ನನಗೆ ತುಂಬ ಹಿಡಿಸಿತು. ನೀವು ಕೊಟ್ಟ ದೊಡ್ಡ ಚಿತ್ರವನ್ನು ಅವರು ಹಾಗೇ ಇಟ್ಟುಕೊಂಡು, ಪುಟಕ್ಕೆ ಬೇಕಾದ ಚಿಕ್ಕ ಅಳತೆಯನ್ನು ಅದರಿಂದಲೇ ಮಾಡಿ ತೋರಿಸುತ್ತಾರೆ. ಚಿಕ್ಕದು ತೋರಿಸಲು, ದೊಡ್ಡದು ಉಳಿಸಲು. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನದ ಹೊಯ್ಸಳ ಕೆತ್ತನೆಯಂಥದ್ದು ಅಲ್ಲಿ ಸೇರಬೇಕಾದ ಚಿತ್ರ. 800 ಚುಕ್ಕಿಯಲ್ಲಿ ಆ ಶಿಲ್ಪಗಳ ಸರದ ಮಣಿಯೆಲ್ಲ ಬರಿಯ ಕಲ್ಲಾಗಿಬಿಡುತ್ತದೆ. ಆದರೆ ಅಲ್ಲಿಟ್ಟದ್ದನ್ನು ಲೋಕದ ಯಾರು ಬೇಕಾದರೂ ಬಳಸಬಹುದು. ಸೊಸೆಯ ಸೀಮಂತದ ಫೋಟೋ ಇಡುವ ಜಾಗ ಅದಲ್ಲ.

ಮನೆಯ ಚಿತ್ರಕ್ಕೆ ಮನೆಯೇ ಸರಿ. ಒಂದು ಹಾರ್ಡ್ ಡಿಸ್ಕ್, ಅದರ ಇನ್ನೊಂದು ಪ್ರತಿ ತಂಗಿಯ ಮನೆಯಲ್ಲೋ ಮಗಳ ಮನೆಯಲ್ಲೋ. ಎರಡು ಚಿನ್ನದ ಬಳೆಯ ಬೆಲೆಯೇನೂ ಆಗುವುದಿಲ್ಲ. ನೆಂಟರಿಗೆ ಮೂಲ ಚಿತ್ರ ಕಳಿಸುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಅದು ಕುಗ್ಗದೆ ತಲುಪುತ್ತದೆ. ‘ಅಮ್ಮಾ, ಇಷ್ಟು ದೊಡ್ಡದು ಯಾಕೆ ಕಳಿಸ್ತೀಯ, ಫೋನ್ ತುಂಬುತ್ತೆ’ ಎಂದು ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಗೋಡೆಯ ಹಳೆಯ ಚೌಕಟ್ಟುಗಳನ್ನು ಮಾತ್ರ ಗಾಜಿನ ಮೇಲಿಂದ ಫೋನಿನಲ್ಲಿ ತೆಗೆದು ಮುಗಿಸಬೇಡಿ. ಬಿಚ್ಚಿಸಿ, ಅಂಗುಲಕ್ಕೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿಸಿ, ಕಾಗದವನ್ನೂ ಇಟ್ಟುಕೊಳ್ಳಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಲು ಹೇಳಿ. ಅಂಗಡಿಯವನು ‘ಅಲ್ಲೇನಿಲ್ಲ ಮೇಡಂ’ ಅನ್ನುತ್ತಾನೆ. ಸ್ಟುಡಿಯೋದ ಮೊಹರು, ಪೆನ್ಸಿಲಿನಲ್ಲಿ ಬರೆದ ತಾರೀಕು, ಯಾರದೋ ಮನೆಯ ಅಡ್ಡಹೆಸರು ಇರುವುದು ಅಲ್ಲಿಯೇ.