ನರಗುಂದದ ಬಂಡಾಯ ಮತ್ತು ಆಶ್ರಯದ ಪ್ರಶ್ನೆ

ಮುಂಬಯಿ ಸರಕಾರವು 1884ರಲ್ಲಿ ಪ್ರಕಟಿಸಿದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರು ನರಗುಂದದ ಬಾಬಾಸಾಹೇಬನ ವೃತ್ತಾಂತವನ್ನು ಅಚ್ಚುಕಟ್ಟಾಗಿ ನಿರೂಪಿಸುತ್ತದೆ. ಕಟಕೋಳದಂತೆಯೇ ಇಂದು ರಾಮದುರ್ಗ ತಾಲೂಕಿನಲ್ಲಿರುವ ಸುರೇಬಾನದಲ್ಲಿ 1858ನೆಯ ಮೇ 29ರ ರಾತ್ರಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನು ಹತನಾದನು. ಜೂನ್ 2ರಂದು ಬಾಬಾಸಾಹೇಬನು ತೊರಗಲ್ಲಿನ ಅಡವಿಯಲ್ಲಿ ಸೂಟರನ ಕೈಗೆ ಸಿಕ್ಕನು. 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಆದರೆ ಸೆರೆಯಾದ ನೆಲ ಯಾರದೆಂಬ ಪ್ರಶ್ನೆಗೆ ಈ ನಿರೂಪಣೆಯಲ್ಲಿ ಎಡೆಯಿಲ್ಲ.

ತೊರಗಲ್ಲು ಕೊಲ್ಹಾಪುರದ ಅಧೀನದಲ್ಲಿದ್ದ ಜಹಗೀರು. ಕೊಲ್ಹಾಪುರವಾದರೋ ಆಗ ಆಂಗ್ಲರ ಹತೋಟಿಯಲ್ಲಿದ್ದಿತು. ಅಪರಾಧಿಯನ್ನು ಒಪ್ಪಿಸಿಕೊಡೆಂದು ಕೇಳಬೇಕಾದ ಸ್ವತಂತ್ರ ಪ್ರಭುವೇ ಅಲ್ಲಿರಲಿಲ್ಲ. ರಾಮದುರ್ಗದ ಅರಸನು ಬಾಬಾಸಾಹೇಬನ ಮಲಸಹೋದರ. ಅವನೇ ನರಗುಂದದಿಂದ ತನಗೆ ಬಂದ ಪತ್ರವನ್ನು ಮ್ಯಾನ್ಸನ್ನನಿಗೆ ತೋರಿಸಿದ್ದನು. ಒಡಹುಟ್ಟು ಕೊಡದ ಆಶ್ರಯವನ್ನು ಅಡವಿ ಕೊಟ್ಟೀತೇ! 1845ರಲ್ಲಿ ಸಾವಂತವಾಡಿಯ ಬಂಡಾಯಗಾರರು ಗೋವೆಯನ್ನು ಹೊಕ್ಕಾಗ ಪೋರ್ತುಗೀಜರು ಅವರನ್ನು ಆಂಗ್ಲರಿಗೆ ಒಪ್ಪಿಸಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ರಾಜಕೀಯ ಅಪರಾಧಿಯನ್ನು ಪರರಾಜ್ಯಕ್ಕೆ ಒಪ್ಪಿಸಬಾರದೆಂಬ ನಿಯಮವನ್ನು ಬೆಲ್ಜಿಯಮ್ 1833ರಲ್ಲಿಯೇ ಶಾಸನವಾಗಿಸಿದ್ದಿತು. ಬಾಬಾಸಾಹೇಬನ ಕೃತ್ಯವು ಆ ನಿಯಮದೊಳಗೆ ಬರುವುದೇ? ದತ್ತಕಕ್ಕೆ ಅನುಮತಿ ದೊರೆಯದುದೇ ಅವನ ಮುನಿಸಿಗೆ ಮೂಲ. ಇದು ರಾಜಕೀಯ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇರುಳಲ್ಲಿ ಬೀಡಿನ ಮೇಲೆ ಬಿದ್ದು ಕೊಂದು, ತಲೆಯನ್ನು ನರಗುಂದದ ಅಗಸೆಗೆ ತೂಗಹಾಕಿದುದನ್ನು ಯುದ್ಧಧರ್ಮವೆನ್ನುವುದೂ ಕಷ್ಟ. ಎರಡೂ ಪಕ್ಷಗಳಿಗೆ ಆಧಾರವಿರುವಾಗ ಗ್ಯಾಸೆಟಿಯರು ಬಂಡಾಯದ ಕಾರಣಗಳನ್ನು ವಿವರಿಸಿಯೂ ಕೃತ್ಯವನ್ನು ಕೇವಲ ಕೊಲೆಯೆಂದು ಕರೆದು ಮುಂದೆ ಸಾಗುತ್ತದೆ. ವಿಚಾರಣೆ ನಡೆಯಿಸಿದವರು ಹತನಾದ ಏಜಂಟನ ಸರಕಾರದವರು; ಸಂಪಾದಕ ಕ್ಯಾಂಪ್‌ಬೆಲ್ಲನೂ ಮುಂಬಯಿ ಸರಕಾರದ ಅಧಿಕಾರಿಯೇ.