ಕ್ಯಾಮೆರಾ ಯಾರ ಹೆಗಲ ಮೇಲೆ?

ಕನ್ನಡದ ಹೊಸ ಅಲೆಯ ಸಿನಿಮಾಗಳನ್ನು ಅರ್ಧ ಶತಮಾನದಿಂದ ನಾವು ಒಂದೇ ಧಾಟಿಯಲ್ಲಿ ಹೊಗಳುತ್ತ ಬಂದಿದ್ದೇವೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಬಂತು. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದ ಆ ಚಿತ್ರವೇ ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲವನ್ನು ಕನ್ನಡಕ್ಕೆ ಮೊದಲ ಸಲ ತಂದುಕೊಟ್ಟಿತು. ಬಿ.ವಿ. ಕಾರಂತರ ‘ಚೋಮನ ದುಡಿ’ 1975ರ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಸ್ವರ್ಣಕಮಲ ಪಡೆದವು. ಹೊಗಳಿಕೆ ಸುಳ್ಳಲ್ಲ. ಅಗ್ರಹಾರದ ಒಳಗಿನ ಕೊಳೆಯನ್ನು ಅಂಜದೆ ಬಯಲಿಗೆಳೆದ ಚಿತ್ರಗಳು ಇವುಗಳಲ್ಲಿವೆ. ಆದರೆ ಮುದ್ದೇಬಿಹಾಳದಲ್ಲಿ ಕೂತು ಈ ಪರಂಪರೆಯನ್ನು ನೋಡುವವನಿಗೆ ಬೇರೆ ಒಂದು ಪ್ರಶ್ನೆ ಎದುರಾಗುತ್ತದೆ. ನೊಂದವನಿಗೆ ಕ್ಯಾಮೆರಾದ ಮುಂದೆ ಜಾಗ ಸಿಕ್ಕಿತು, ಹಿಂದೆ ಯಾವಾಗ ಸಿಗುತ್ತದೆ?

‘ಚೋಮನ ದುಡಿ’ಯನ್ನೇ ನೋಡಿ. ಚೋಮನ ಹತ್ತಿರ ಜೋಡಿ ಎತ್ತುಗಳಿವೆ, ಉಳಲು ನೆಲವಿಲ್ಲ. ಹೊಲೆಯ ಬೇಸಾಯಗಾರನಾಗಬಾರದು ಎಂಬ ಕಟ್ಟಳೆ ಅವನನ್ನು ಮೆಲ್ಲಗೆ ಕೊಲ್ಲುತ್ತದೆ. ಒಬ್ಬೊಬ್ಬರಾಗಿ ಮಕ್ಕಳು ಕೈಬಿಟ್ಟ ಮೇಲೆ ಅವನಿಗೆ ಉಳಿಯುವುದು ದುಡಿ ಮಾತ್ರ. ಅದನ್ನು ಬಾರಿಸುತ್ತಲೇ ಅವನ ಕತೆ ಮುಗಿಯುತ್ತದೆ. ಆ ಪಾತ್ರಕ್ಕೆ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೂ ಚೋಮನ ಸಿಟ್ಟು ಅವನ ಎದೆಯೊಳಗೇ ಸುತ್ತಿ ಸುತ್ತಿ ಆರಿಹೋಗುತ್ತದೆ, ನೋಡುತ್ತ ಕೂತವರ ಕಡೆ ತಿರುಗುವುದಿಲ್ಲ. ನಾವು ಕಣ್ಣೊರೆಸಿಕೊಂಡು ಎದ್ದು ಬರುತ್ತೇವೆ.

ನೋಡುವವರ ಕಡೆ ತಿರುಗುವ ಸಿಟ್ಟು ನಮ್ಮ ನೆರೆಯಲ್ಲೇ ಇದೆ. ಇಂಡಿ ತಾಲೂಕಿನ ಅಂಚಿನಲ್ಲಿ ಭೀಮಾ ನದಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅದೇ ಜಿಲ್ಲೆಯ ಕರಮಾಳಾ ತಾಲೂಕಿನ ಜೇವೂರಿನಲ್ಲಿ ವಡ್ಡರ ಮನೆಯಲ್ಲಿ ಹುಟ್ಟಿದವರು ನಾಗರಾಜ ಮಂಜುಳೆ. 2013ರ ಅವರ ಮರಾಠಿ ಚಿತ್ರ ‘ಫಂಡ್ರಿ’ಯಲ್ಲಿ ಜಬ್ಯಾ ಎಂಬ ಹುಡುಗನ ಮನೆಯವರು ಊರಿನ ಹಂದಿ ಹಿಡಿಯಬೇಕು. ಓಡುವ ಹಂದಿ, ಅಟ್ಟಿಸಿಕೊಂಡು ಹೋಗುವ ಅಪ್ಪ, ಸುತ್ತ ನಿಂತು ನಗುವ ಊರು, ಆ ನಗುವವರ ನಡುವೆ ಅವನು ಮನಸಿಟ್ಟ ಹುಡುಗಿ. ಹಂದಿ ಇನ್ನೇನು ಕೈಗೆ ಸಿಗಬೇಕು, ಅಷ್ಟರಲ್ಲಿ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಜಬ್ಯಾ ನೆಟ್ಟಗೆ ನಿಲ್ಲುತ್ತಾನೆ, ಮನೆಯವರೂ ನಿಲ್ಲುತ್ತಾರೆ, ಹಂದಿ ತಪ್ಪಿಸಿಕೊಳ್ಳುತ್ತದೆ. ಕೊನೆಗೆ ಹಂದಿಯನ್ನು ಕಟ್ಟಿಗೆಗೆ ಕಟ್ಟಿ ಹೊತ್ತುಕೊಂಡು ಅಂಬೇಡ್ಕರ್, ಫುಲೆ ಅವರ ಚಿತ್ರಗಳಿರುವ ಶಾಲೆಯ ಗೋಡೆಯ ಮುಂದೆ ಹಾದುಹೋಗುತ್ತಾರೆ. ಆಮೇಲೆ ಜಬ್ಯಾ ಕಲ್ಲು ಬೀಸುತ್ತಾನೆ, ಅದು ನೇರ ನಮ್ಮ ಮುಖಕ್ಕೇ ಬರುತ್ತದೆ. ಜಬ್ಯಾನ ಪಾತ್ರ ಮಾಡಿದ ಸೋಮನಾಥ ಅವಘಡೆ ಹಲಗಿ ಬಾರಿಸುತ್ತಿದ್ದಾಗ ಮಂಜುಳೆಯವರ ಕಣ್ಣಿಗೆ ಬಿದ್ದ ಹುಡುಗ. ದುಡಿಗೂ ಹಲಗಿಗೂ ನಡುವಿನ ಅಂತರವೇ ಎರಡು ಪರಂಪರೆಗಳ ಅಂತರ. ಒಂದು ಹೊರಗಿನಿಂದ ಮರುಗುತ್ತದೆ, ಇನ್ನೊಂದು ಒಳಗಿನಿಂದ ಕೇಳುತ್ತದೆ.

ಕ್ಯಾಮೆರಾ ಯಾರ ಕೈಯಲ್ಲಿರಬೇಕು ಎಂಬ ಈ ಜಗಳ ನಮ್ಮದಷ್ಟೇ ಅಲ್ಲ. ಅಮೆರಿಕದ ಕಪ್ಪು ಜನರ ಸ್ವತಂತ್ರ ಸಿನಿಮಾಕ್ಕೆ ಅಡಿಪಾಯ ಹಾಕಿದ ಆಸ್ಕರ್ ಮಿಶೋ 1884ರಲ್ಲಿ ಹುಟ್ಟಿದವರು. ರೈಲಿನಲ್ಲಿ ಪೋರ್ಟರ್ ಆಗಿ ದುಡಿದರು, ದಕ್ಷಿಣ ಡಕೋಟಾದಲ್ಲಿ ಬೀಳು ನೆಲ ಒಡೆದು ರೈತರಾದರು, ತಾವು ಬರೆದ ಪುಸ್ತಕಗಳನ್ನು ಮನೆಮನೆಗೆ ಒಯ್ದು ಮಾರಿದರು. ಅವರ ಕಾದಂಬರಿ ‘ದಿ ಹೋಮ್‌ಸ್ಟೆಡರ್’ ಅನ್ನು ಸಿನಿಮಾ ಮಾಡುತ್ತೇವೆಂದು ಕಪ್ಪು ಜನರದೇ ಒಂದು ಕಂಪನಿ ಮುಂದೆ ಬಂತು. ನಿರ್ದೇಶನ ನಾನೇ ಮಾಡುತ್ತೇನೆ ಎಂದು ಮಿಶೋ ಪಟ್ಟು ಹಿಡಿದರು. ಮಾತುಕತೆ ಮುರಿಯಿತು. ಆಗ ಸ್ವಂತ ಕಂಪನಿ ತೆರೆದು, ಸೂ ಸಿಟಿಯ ಸುತ್ತಲಿನ ರೈತರಿಗೆ ಷೇರು ಮಾರಿ ದುಡ್ಡು ಕೂಡಿಸಿ, 1919ರಲ್ಲಿ ಚಿತ್ರ ಮುಗಿಸಿದರು. ಮರುವರ್ಷದ ‘ವಿದಿನ್ ಅವರ್ ಗೇಟ್ಸ್’ನಲ್ಲಿ ಬಿಳಿಯರ ಗುಂಪು ಕಪ್ಪು ಕುಟುಂಬವನ್ನು ಹಿಡಿದು ನೇಣು ಹಾಕುವ ದೃಶ್ಯವಿತ್ತು. ಗಲಭೆಯಾದೀತೆಂದು ಶಿಕಾಗೋದ ಸೆನ್ಸಾರ್‌ನವರು ತಕರಾರು ತೆಗೆದರು. ಎಷ್ಟೋ ದಶಕ ಕಳೆದುಹೋಗಿದ್ದ ಆ ಚಿತ್ರದ ಪ್ರತಿ ಕೊನೆಗೆ ಸ್ಪೇನ್‌ನಲ್ಲಿ ಸಿಕ್ಕಿತು. ಮಿಶೋ ನಲವತ್ತಕ್ಕೂ ಹೆಚ್ಚು ಚಿತ್ರ ಮಾಡಿದರು. ಮರುಚಿತ್ರೀಕರಣಕ್ಕೆ ದುಡ್ಡಿಲ್ಲದೆ ನಟರ ತಪ್ಪುಗಳೂ ಹಾಗೇ ಉಳಿದವು. ತಿಳಿಬಣ್ಣದವರನ್ನೇ ನಾಯಕರನ್ನಾಗಿ ಮಾಡುತ್ತಾರೆಂಬ ಆಕ್ಷೇಪ ಅವರ ಜನರಿಂದಲೇ ಬಂತು, ಅದರಲ್ಲಿ ಹುರುಳಿತ್ತು. ಹಾಗಿದ್ದರೂ ‘ನಾನೇ ಮಾಡುತ್ತೇನೆ’ ಎಂಬ ಆ ಒಂದು ಹಟ ಇಲ್ಲದಿದ್ದರೆ ಅವರ ಬದುಕಿನ ಕತೆಯೂ ಬೇರೆಯವರ ಸಿನಿಮಾ ಆಗುತ್ತಿತ್ತು.

ನಮ್ಮಲ್ಲೂ ಷೇರಿನಂಥ ಪ್ರಯೋಗ ನಡೆದಿದೆ. ಪವನ್ ಕುಮಾರ್ 2013ರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ದೊಡ್ಡ ಸಾಹಸವೇ ಸರಿ. ಆದರೆ ಅದು ಇಂಟರ್‌ನೆಟ್ಟಿನ ಮೂಲಕ ಬಂದ ದುಡ್ಡು. ತಾಳಿಕೋಟಿಯದೋ ನಾಲತವಾಡದ್ದೋ ಕೂಲಿ ಮನೆಯ ಹುಡುಗನಿಗೆ ಹಾಗೆ ಕೈಚಾಚಲು ಪರಿಚಯದ ಬಳಗ ಎಲ್ಲಿಂದ ಬರಬೇಕು? ಇನ್ನು ದುಡ್ಡಿರುವ ಉದ್ಯಮ ಮಾಡಿದ್ದೇನು? ಮಂಜುಳೆಯವರ ‘ಸೈರಾಟ್’ ಗೆದ್ದ ಮರುವರ್ಷವೇ, 2017ರಲ್ಲಿ, ಎಸ್. ನಾರಾಯಣ್ ನಿರ್ದೇಶನದಲ್ಲಿ ಅದರ ಕನ್ನಡ ರಿಮೇಕ್ ‘ಮನಸು ಮಲ್ಲಿಗೆ’ ಬಂತು. ನಾಯಕಿ ರಿಂಕು ರಾಜಗುರು ಅವರನ್ನೂ ಕರೆತಂದರು. ಭೀಮೆಯ ಈಚೆಗೂ ಅಂಥದೇ ಬಿಸಿಲು, ಅಂಥವೇ ಕೇರಿಗಳಿವೆ. ಇಲ್ಲಿಯದೇ ಒಂದು ಕತೆಗೆ ಹಾಕಬಹುದಾಗಿದ್ದ ಬಂಡವಾಳ ಅಲ್ಲಿಯ ಕತೆಯ ನಕಲಿಗೆ ಹೋಯಿತಲ್ಲ ಎಂಬ ಸಂಕಟ ನನಗಿನ್ನೂ ಆರಿಲ್ಲ.

ಹೊಸ ಅಲೆಯ ಭೂಗೋಳವೂ ಬಹುಮಟ್ಟಿಗೆ ಮಲೆನಾಡು, ಕರಾವಳಿಗಳದ್ದೇ. ನಾ. ಡಿಸೋಜ ಅವರ ಕತೆಯನ್ನು ಆಧರಿಸಿ ಕಾಸರವಳ್ಳಿಯವರು ಮಾಡಿದ ‘ದ್ವೀಪ’ ಮುಳುಗಡೆಯ ಒಂದು ಮನೆಯನ್ನು ಮರೆಯಲಾಗದಂತೆ ತೋರಿಸಿತು, ಸ್ವರ್ಣಕಮಲ ಗೆದ್ದಿತು. ಆದರೆ ಆಲಮಟ್ಟಿಯ ನೀರು ನಿಂತಾಗ ಕೃಷ್ಣೆಯ ದಂಡೆಯ ಎಷ್ಟೋ ಹಳ್ಳಿಗಳು ಮುಳುಗಿದವು, ಹಳೆ ಬಾಗಲಕೋಟೆಯ ಓಣಿಗಳು ಮುಳುಗಿದವು. ಪುನರ್ವಸತಿ ಕೇಂದ್ರದ ತಗಡಿನ ಮನೆ, ಪರಿಹಾರದ ದುಡ್ಡು ಖರ್ಚಾದ ರೀತಿ, ಭೂಮಿಯೇ ಇಲ್ಲದವನಿಗೆ ಪರಿಹಾರವೂ ಇಲ್ಲದ ನೋವು, ಇಷ್ಟೆಲ್ಲ ಇದ್ದೂ ‘ದ್ವೀಪ’ದ ಎತ್ತರದ ಸಿನಿಮಾ ಈ ನೀರಿನಿಂದ ಎದ್ದು ಬಂದದ್ದನ್ನು ನಾನು ಕಂಡಿಲ್ಲ. ನಮ್ಮ ಮಾತಿನದೂ ಅದೇ ಗತಿ. ‘ಏನ್ ಮಾಡಾಕತ್ತೀಯೋ’ ಎಂದು ಪರದೆಯ ಮೇಲೆ ಯಾರಾದರೂ ಅಂದರೆ ಚಿತ್ರಮಂದಿರ ನಗಲು ಸಿದ್ಧವಾಗುತ್ತದೆ. ಉದ್ಯಮ ನೋಡುಗರಿಗೆ ಹಾಗೆ ರೂಢಿ ಮಾಡಿಸಿಬಿಟ್ಟಿದೆ.

ಅದಕ್ಕೇ ಉತ್ಸವ್ ಗೋನವಾರ ಅವರ ‘ಫೋಟೋ’ ನನಗೆ ಮುಖ್ಯ. ಪ್ರಕಾಶ್ ರಾಜ್ ಅವರ ‘ನಿರ್ದಿಗಂತ’ ಸಂಸ್ಥೆಯ ಬೆಂಬಲದೊಂದಿಗೆ 2024ರ ಮಾರ್ಚ್‌ನಲ್ಲಿ ಇದು ತೆರೆಗೆ ಬಂತು. ರಾಯಚೂರು ಸೀಮೆಯ ಒಬ್ಬ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ, ಮಗನೂ ಹೋಗುತ್ತಾನೆ. ಅಷ್ಟರಲ್ಲಿ ಲಾಕ್‌ಡೌನ್. ಬಸ್ಸಿಲ್ಲ, ಅಪ್ಪ ಮಗ ಊರ ಕಡೆ ನಡೆಯತೊಡಗುತ್ತಾರೆ. ಗುಳೆ ಹೋಗುವವರ ಭಾಷೆ ಇಲ್ಲಿ ನಗೆಯ ಸರಕಲ್ಲ, ದಣಿದ ಬಾಯಿಂದ ಬರುವ ಬರೀ ಮಾತು. ಕೆಲವು ಕಡೆ ಮರುಕ ಹೆಚ್ಚಾಯಿತು ಅನ್ನಿಸಿದ್ದುಂಟು. ಆದರೂ ಬಿಸಿಲಿನ ರಸ್ತೆಯನ್ನು ಅದರ ಮೇಲೆ ನಡೆದವರ ಕಡೆಯವರೇ ಚಿತ್ರಿಸಿದಾಗ ಬರುವ ಖಚಿತತೆ ಈ ಚಿತ್ರದಲ್ಲಿದೆ.

ಕೇರಿಯಲ್ಲಿ ಹುಟ್ಟಿದ ಮಾತ್ರಕ್ಕೆ ಒಳ್ಳೆಯ ಸಿನಿಮಾ ಬರುತ್ತದೆಂದು ನಾನು ಹೇಳುತ್ತಿಲ್ಲ. ತಪ್ಪು ಮಾಡುವ, ಕೆಟ್ಟ ಸಿನಿಮಾ ಮಾಡಿ ಮತ್ತೊಂದಕ್ಕೆ ಕೈಹಾಕುವ ಅವಕಾಶ ಮಿಶೋಗೆ ಇದ್ದಂತೆ ಕೇರಿಯ ಹುಡುಗ ಹುಡುಗಿಯರಿಗೂ ಬೇಕು. ಅದಕ್ಕೆ ಅಡ್ಡ ನಿಂತಿರುವುದು ದುಡ್ಡಿನ ಲೆಕ್ಕ. ನಮ್ಮ ರಾಜ್ಯದ ಸಹಾಯಧನಕ್ಕೆ ಅರ್ಜಿ ಹಾಕಬೇಕಾದರೆ ಸಿನಿಮಾ ಮುಗಿದು, ಸೆನ್ಸಾರ್ ಪ್ರಮಾಣಪತ್ರ ಕೈಗೆ ಬಂದಿರಬೇಕು. ಅಂದರೆ ಮೊದಲ ರೂಪಾಯಿ ಸ್ವಂತದ್ದು, ಇಲ್ಲವೇ ಬಡ್ಡಿಯದು. ಹೊಲ ಇಲ್ಲದವನು ಯಾವುದನ್ನು ಒತ್ತೆ ಇಡಬೇಕು? 1960ರಲ್ಲಿ ಶುರುವಾದ ಕೇಂದ್ರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ ಸಿನಿಮಾ ಮಾಡುವ ಮೊದಲೇ ಸಾಲ ಕೊಡುತ್ತಿತ್ತು. ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ ಆ ದುಡ್ಡಿನಿಂದಲೇ ಆಯಿತು. ಸಹಾಯಧನದ ಒಂದು ಪಾಲನ್ನು ಚಿತ್ರಕತೆಯ ಹಂತದಲ್ಲೇ, ಒತ್ತೆ ಕೇಳದೆ, ಮೊದಲ ಸಿನಿಮಾ ಮಾಡುವ ಇಂಥ ಹುಡುಗ ಹುಡುಗಿಯರಿಗೆ ಕೊಡಬೇಕು. ಆಯ್ಕೆಯ ಸಭೆ ಬೆಂಗಳೂರಿನಲ್ಲಷ್ಟೇ ಅಲ್ಲ, ವಿಜಯಪುರದಲ್ಲೂ ಕೂಡಬೇಕು.