ಕಂಪ್ಯೂಟರ್ ಪಾಠವೂ ಕಲಿಯುವವನ ನುಡಿಯೂ

ಉಚ್ಚ ಶಿಕ್ಷಣದಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಂಗನ್ನು ಹೇಗೆ ಕಲಿಸಬೇಕೆಂಬುದು ಮೇಲುನೋಟಕ್ಕೆ ಇಂಜಿನಿಯರಿಂಗ್ ಕಾಲೇಜುಗಳ ಒಳಗಿನ ಪ್ರಶ್ನೆಯಾಗಿ ತೋರುತ್ತದೆ. ಅದರ ಬುಡವನ್ನು ಕೆದಕಿದರೆ ಭಾಷೆಯ ಪ್ರಶ್ನೆ ಎದ್ದುಬರುತ್ತದೆ. ಠಾಣೆಯ ವರ್ತಕ ನಗರದಿಂದ ಕೆಲವೇ ಮೈಲಿಗಳಾಚೆ, ಪವಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ, ಈ ವಿಷಯವಾಗಿ ನಡೆದಿರುವ ವಿಚಾರಮಂಥನವನ್ನು ಹೊರನಾಡ ಕನ್ನಡಿಗರು ಪರಿಶೀಲಿಸುವುದು ಆದುದರಿಂದ ಉಚಿತವೇ ಆಗಿದೆ.

ಆ ಸಂಸ್ಥೆಯ ಪ್ರಾಧ್ಯಾಪಕ ಅಭಿರಾಮ ರಾನಡೆಯವರು ಸಿ ಪ್ಲಸ್ ಪ್ಲಸ್ ಭಾಷೆಯ ಮೂಲಕ ಪ್ರೋಗ್ರಾಮಿಂಗನ್ನು ಪರಿಚಯಿಸುವ ಪಠ್ಯಗ್ರಂಥವೊಂದನ್ನು 2014ರಲ್ಲಿ ಪ್ರಕಟಿಸಿದರು. ಅದಕ್ಕೆ ಆಧಾರವಾಗಿ ಸಿಂಪಲ್‌ಸಿಪಿಪಿ ಎಂಬ ಉಪಕರಣವನ್ನೂ ರಚಿಸಿದರು. ಕಾಲೇಜಿಗೆ ಬರುವ ವಿದ್ಯಾರ್ಥಿ ಬರಿಗೈಯಲ್ಲಿ ಬರುವವನಲ್ಲ. ಭಾಗಾಕಾರ, ಮಹತ್ತಮ ಸಾಮಾನ್ಯ ಅಪವರ್ತನ ಮೊದಲಾದ ಎಷ್ಟೋ ಕ್ರಮಬದ್ಧ ವಿಧಾನಗಳನ್ನು ಶಾಲೆಯಲ್ಲಿಯೇ ಕರಗತ ಮಾಡಿಕೊಂಡಿರುತ್ತಾನೆ. ಆ ಅರಿವನ್ನು ಯಂತ್ರಕ್ಕೆ ತಿಳಿಯುವಂತೆ ಸ್ಪಷ್ಟವಾಗಿ ನುಡಿಯುವುದೇ ಮೊದಲ ಪಾಠವಾಗಬೇಕೆಂಬುದು ಈ ಪದ್ಧತಿಯ ತಿರುಳು.

ಅಂತೆಯೇ ಗ್ರಂಥದ ಆರಂಭದಲ್ಲಿ ಪರದೆಯ ಮೇಲೊಂದು ಆಮೆ ಚೌಕವನ್ನು ಬರೆಯುತ್ತದೆ: ಮುಂದೆ ಸಾಗು, 90 ಡಿಗ್ರಿ ಬಲಕ್ಕೆ ತಿರುಗು, ಹೀಗೆ 4 ಬಾರಿ. ಈ ಆಮೆ 1967ರಲ್ಲಿ ಮಕ್ಕಳಿಗಾಗಿ ಹುಟ್ಟಿದ ಲೋಗೋ ಭಾಷೆಯ ಪರಂಪರೆಯದು. ಅದನ್ನು ಕಾಲೇಜಿಗೆ ತಂದುದು ಬಾಲಿಶವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಚೌಕದಿಂದ ಬಹುಭುಜಕ್ಕೆ ಸಾಗುವಾಗ 360ನ್ನು ಭುಜಗಳ ಸಂಖ್ಯೆಯಿಂದ ಭಾಗಿಸಬೇಕೆಂದು ವಿದ್ಯಾರ್ಥಿಗೆ ತಾನಾಗಿಯೇ ಹೊಳೆಯುತ್ತದೆ. ಹಳೆಯ ರೇಖಾಗಣಿತ ಹೊಸ ವಿದ್ಯೆಗೆ ಮೆಟ್ಟಿಲಾಗುತ್ತದೆ. ಆವರ್ತನೆಗಾಗಿ ಬಳಸಿರುವ 'ರಿಪೀಟ್' ಎಂಬ ಆಜ್ಞೆ ಮೂಲ ಸಿ ಪ್ಲಸ್ ಪ್ಲಸ್‌ನಲ್ಲಿಲ್ಲ, ಉಪಕರಣವೇ ಒದಗಿಸಿದ್ದು. ಮುಂದೆ ಬಿಡಬೇಕಾದುದನ್ನು ಮೊದಲು ಕಲಿಸುವುದೇಕೆಂಬ ಆಕ್ಷೇಪಕ್ಕೆ ಅವಕಾಶವಿದೆ. ಈಜು ಕಲಿಯುವವನು ಸೋರೆಬುರುಡೆಯನ್ನು ಕಟ್ಟಿಕೊಳ್ಳುವುದು ಅದನ್ನು ಬಿಡುವುದಕ್ಕಾಗಿಯೇ ಎಂಬುದೇ ಅದಕ್ಕೆ ತಕ್ಕ ಉತ್ತರ.

ನಿಜವಾದ ಕೊರತೆ ಬೇರೆಡೆ ಇದೆ. ವಿದ್ಯಾರ್ಥಿಗೆ ತಿಳಿದಿರುವುದರಿಂದ ಪ್ರಾರಂಭಿಸಬೇಕೆಂಬ ಸೂತ್ರವನ್ನು ಒಪ್ಪಿದೊಡನೆ, ಅವನಿಗೆ ಅದು ಯಾವ ಭಾಷೆಯಲ್ಲಿ ತಿಳಿದಿದೆ ಎಂದು ಕೇಳಲೇಬೇಕಾಗುತ್ತದೆ. ಕಲಬುರಗಿಯ ಹಳ್ಳಿಯಲ್ಲಾಗಲಿ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಾಗಲಿ ಓದಿದ ಹುಡುಗನು ಮ.ಸಾ.ಅ.ವನ್ನು ಕಂಡುಹಿಡಿಯುವುದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಅದನ್ನು ನೆನಪಿಸಿದರೆ, ತಿಳಿದದ್ದೇ ತಿಳಿಯದ್ದಾಗಿ ಎದುರು ನಿಲ್ಲುತ್ತದೆ. ಲೆಕ್ಕದ ಕ್ರಮವನ್ನು ವಿವರಿಸುವ ಶಕ್ತಿ ಕನ್ನಡಕ್ಕೆ ಹೊಸತೇನಲ್ಲ; ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ರಚಿಸಿದನು.

ಈ ಪ್ರಶ್ನೆಯನ್ನು ಅದೇ ಸಂಸ್ಥೆಯಲ್ಲಿ ಬೇರೆಯವರು ಎದುರಿಸಿದ್ದಾರೆ. ಯೋಗೇಂದ್ರ ಪಾಲ್ ಮತ್ತು ಶ್ರೀಧರ ಅಯ್ಯರ್ ಅವರು ತರಗತಿಯ ಪಾಠ, ಪರದೆಯ ಪಾಠ ಎರಡರಲ್ಲಿಯೂ ಬೋಧನಮಾಧ್ಯಮದ ಪರಿಣಾಮವನ್ನು 2015ರ ಪ್ರಬಂಧದಲ್ಲಿ ಪರೀಕ್ಷಿಸಿದರು. ಅವರ ಲಕ್ಷ್ಯ ಹಿಂದಿ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು. ಪ್ರೊ. ಕಣ್ಣನ್ ಮೌದ್ಗಲ್ಯರ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ ಇನ್ನೊಂದು ದಾರಿ ಹಿಡಿಯಿತು: ಸುಮಾರು ಹತ್ತು ನಿಮಿಷಗಳ ಪಾಠ; ಪರದೆಯ ಬರಹ ಇಂಗ್ಲಿಷಿನದು, ವಿವರಿಸುವ ಧ್ವನಿ ಕನ್ನಡವೂ ಸೇರಿದಂತೆ ದೇಶಭಾಷೆಗಳದು. ಉದ್ಯೋಗಕ್ಕೆ ಬೇಕಾದ ಇಂಗ್ಲಿಷ್ ಪದಗಳು ಕೈತಪ್ಪುವುದಿಲ್ಲ, ಅರ್ಥವೂ ಜಾರುವುದಿಲ್ಲ. ಆದರೆ ಇಲ್ಲಿಯ ಧ್ವನಿ ಮೂಲಪಾಠದ ಅನುವಾದ; ಕನ್ನಡದಲ್ಲಿ ಹುಟ್ಟಿದ ವಿವರಣೆಯಲ್ಲ.

ಈ ಭೇದ ಕ್ಷುಲ್ಲಕವಲ್ಲ. 'ಶೇಷ ಉಳಿದಿರುವಷ್ಟು ಕಾಲ ಭಾಗಿಸು' ಎಂಬ ಕನ್ನಡ ವಾಕ್ಯದಲ್ಲಿ ಷರತ್ತು ಮೊದಲು, ಕ್ರಿಯೆ ಕೊನೆಗೆ. ಸಿ ಪ್ಲಸ್ ಪ್ಲಸ್‌ನ 'ವೈಲ್' ಆಜ್ಞೆಯ ಅನುಕ್ರಮವೂ ಇದೇ. 'ಶೇಷ ಉಳಿದರೆ' ಎಂಬುದಕ್ಕೂ 'ಇಫ್' ಆಜ್ಞೆಗೂ ಇದೇ ಹೊಂದಿಕೆ. ಇಲ್ಲಿ ಕನ್ನಡದ ವಾಕ್ಯಸರಣಿ ಕಲಿಯುವವನಿಗೆ ನೆರವಾಗುತ್ತದೆ. ಅದೇ, ಒಂದು ಬೆಲೆಯನ್ನು ಇನ್ನೊಂದು ಹೆಸರಿನಲ್ಲಿ ಇಡುವಾಗ ಕನ್ನಡವು ಬೆಲೆಯನ್ನು ಮೊದಲು ಹೇಳುತ್ತದೆ, ಯಂತ್ರಭಾಷೆ ಹೆಸರನ್ನು ಮೊದಲು ಬರೆಯುತ್ತದೆ. ಸಮಚಿಹ್ನೆ ಬೇರೆ ಗಣಿತದ ಸಮಾನತೆಯ ಭ್ರಮೆಯನ್ನು ಹುಟ್ಟಿಸುತ್ತದೆ. ಎಲ್ಲಿ ನುಡಿ ಊರುಗೋಲಾಗುತ್ತದೆ, ಎಲ್ಲಿ ತೊಡರಾಗುತ್ತದೆ ಎಂಬುದನ್ನು ಅನುವಾದಕ ಕಾಣಲಾರ. ಕನ್ನಡದಲ್ಲಿ ಚಿಂತಿಸುವ ಅಧ್ಯಾಪಕನೇ ಕಾಣಬೇಕು.

2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಹಲವು ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅನುಮತಿಯಿತ್ತಿತು. ಅನುಮತಿಯಿಂದಲೇ ಪಾಠ ಹುಟ್ಟದು. ರಾನಡೆಯವರ ಸೂತ್ರವನ್ನೂ ಮೌದ್ಗಲ್ಯರ ಧ್ವನಿಯನ್ನೂ ಒಂದುಗೂಡಿಸಿ, ಕನ್ನಡ ಮಾಧ್ಯಮದ ವಿದ್ಯಾರ್ಥಿಯ ತಪ್ಪುಒಪ್ಪುಗಳನ್ನು ಅವನ ನುಡಿಯಲ್ಲಿಯೇ ಕೇಳಿ ಬರೆದಿಡುವ ಸಂಶೋಧನೆ ಆಗಬೇಕಾಗಿದೆ. ಅನ್ಯಭಾಷೆಯ ನಡುವೆ ಬಾಳುತ್ತ, ಎರಡು ನುಡಿಗಳಲ್ಲಿ ಲೆಕ್ಕ ಮಾಡಿದ ಅನುಭವವುಳ್ಳ ಮುಂಬಯಿ, ಠಾಣೆ, ಡೊಂಬಿವಲಿಗಳ ಕನ್ನಡ ವಿದ್ವಾಂಸರೂ ತಂತ್ರಜ್ಞರೂ ಈ ಕಾರ್ಯಕ್ಕೆ ವಿಶೇಷವಾಗಿ ಅರ್ಹರು. ಅವರು ಕೈಹಾಕದಿದ್ದರೆ ಕನ್ನಡವು ಮನೆಯ ಮಾತಾಗಿ ಉಳಿದೀತು, ವಿಚಾರದ ಮಾತಾಗಿ ಬೆಳೆಯಲಾರದು.